ಅಕ್ಟೋಬರ್ ಕೊನೆಗೆ ಅಮೋರ್ಗೋಸ್: ಧೈರ್ಯವಾಗಿ ಹೋಗಿ

ಅಕ್ಟೋಬರ್ ಕೊನೇ ವಾರ ಗ್ರೀಸ್‌ನ ಅಮೋರ್ಗೋಸ್ ದ್ವೀಪಕ್ಕೆ ಹೋದ್ರೆ ಎಲ್ಲಾ ಬಾಗಿಲು ಹಾಕಿರುತ್ತಾ ಅಂತ ಕೇಳಿದ್ದೀರಿ. ಎಲ್ಲಾ ಅಲ್ಲ. ಬೀಚ್ ಪಕ್ಕದ ಹೋಟೆಲ್‌ಗಳು ಬಹುತೇಕ ಮುಚ್ಚಿರುತ್ತವೆ. ಆದರೆ ಕತಾಪೊಲ ಬಂದರಿನಲ್ಲಿ, ಗುಡ್ಡದ ಮೇಲಿನ ಖೋರಾ ಊರಲ್ಲಿ ಬೇಕರಿ, ದಿನಸಿ ಅಂಗಡಿ, ಊರವರೇ ಕೂರುವ ಕಾಫಿ ಅಂಗಡಿ ನಡೀತಿರುತ್ತವೆ.

ನನ್ನ ಕೇಳಿದ್ರೆ ಊರನ್ನ ಊರಾಗಿ ನೋಡೋಕೆ ಇದೇ ಸಮಯ. ಬೇಸಿಗೆಯಿಡೀ ತಟ್ಟೆ ಹೊತ್ತ ಹುಡುಗರು ಕುರ್ಚಿಗಳ ಉಪ್ಪು ತೊಳೆದು ಒಂದರ ಮೇಲೊಂದು ಪೇರಿಸ್ತಿರ್ತಾರೆ. ಮೀನುಗಾರರು ಕಟ್ಟೆ ಮೇಲೆ ಹಳದಿ ಬಲೆ ಹರಡಿಕೊಂಡು ಹರಿದದ್ದನ್ನ ಹೊಲೀತಿರ್ತಾರೆ. ಈಗ ಅವರಿಗೆ ನಿಮ್ಮ ಜೊತೆ ಮಾತಾಡೋಕೂ ಪುರುಸೊತ್ತಿರುತ್ತೆ. 28ಕ್ಕೆ ‘ಓಖಿ’ (ಅಂದ್ರೆ ‘ಇಲ್ಲ’) ದಿನ: 1940ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಬೇಡಿಕೆಗೆ ಗ್ರೀಸ್ ಒಲ್ಲೆ ಅಂದ ನೆನಪಿಗೆ ಶಾಲೆ ಮಕ್ಕಳ ಮೆರವಣಿಗೆ. ತಪ್ಪಿಸ್ಕೋಬೇಡಿ. ನವೆಂಬರ್ 21ರವರೆಗೆ ಉಳಿಯೋಕಾದ್ರೆ ಇನ್ನೂ ಒಳ್ಳೇದು, ಬಂಡೆಗೆ ಅಂಟಿಕೊಂಡಿರೋ ಖೊಜೊವಿಯೊತಿಸ್ಸ ಮಠದ ಹಬ್ಬ ಅವತ್ತೇ.

ಹುಷಾರಾಗಿರಬೇಕಾದದ್ದು ಹಡಗಿನ ವಿಷಯದಲ್ಲಿ. ಸೀಸನ್ ಮುಗಿದಂತೆ ಸಂಖ್ಯೆ ಇಳಿಯುತ್ತೆ, ಗಾಳಿಯ ಬಿರುಸು ಅಳೆಯೋ ಬೋಫೋರ್ಟ್ ಮಾಪನದಲ್ಲಿ 8 ಮುಟ್ಟಿದ್ರೆ ಬಂದರಿನಿಂದ ಹೊರಡೋಕೇ ಬಿಡಲ್ಲ. ಅದಕ್ಕೆ ವಾಪಸ್ ವಿಮಾನಕ್ಕೆ ಮುಂಚೆ ಅಥೆನ್ಸ್‌ನಲ್ಲಿ ಎರಡು ದಿನ ಇಟ್ಕೊಳ್ಳಿ. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಐದೂವರೆಗೆಲ್ಲ ಸೂರ್ಯ ಮುಳುಗಿರ್ತಾನೆ. ಕಾಲುದಾರಿ ನಡಿಗೆಗೆ ಬೆಳಗ್ಗೆಯೇ ಹೊರಡಿ.