ಘೋಷಣೆಗೆ ಓಟು ಬೀಳಲ್ಲ ಸ್ವಾಮಿ

ಎಲೆಕ್ಷನ್ ಹತ್ತಿರ ಬಂದರೆ ಸಾಕು, ಇವೇ ಪ್ರಶ್ನೆಗಳು. ಒಂದೇ ಸಲ ಮುಗಿಸಿಬಿಡುತ್ತೇನೆ.

ಪ್ರಶ್ನೆ: 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಗೆದ್ದಿದ್ದು ‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್‌ಮಗಳೂರ್ ಭಾಯಿ ಚಿಕ್‌ಮಗಳೂರ್’ ಘೋಷಣೆಯಿಂದಂತೆ. ನಿಜವೇ?

ಅಂತೆ ಕಂತೆ ಬಿಡಿ. ಒಂದು ಸಿಂಹಿಣಿ, ಎದುರಿಗೆ ನೂರು ಮುಸುವ ಅನ್ನುವ ಆ ಪ್ರಾಸ ಹಿಂದಿಯದ್ದು. ಮೂಡಿಗೆರೆಯ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿಗೆ ಅದು ಯಾಕೆ ಬೇಕು? ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತವರು ಮತ್ತೆ ಎದ್ದಿದ್ದಾರೆ ಅಂತ ಉತ್ತರದವರ ಕಿವಿಗೆ ಬೀಳಿಸಲು ಅದು ಚೆನ್ನಾಗಿ ಒದಗಿತು. ಅಷ್ಟೇ.

ಓಟಿನ ಲೆಕ್ಕವೇ ಬೇರೆ. 1977ರಲ್ಲಿ ಉತ್ತರದಲ್ಲೆಲ್ಲ ಕೊಚ್ಚಿಹೋದ ಕಾಂಗ್ರೆಸ್ಸಿಗೆ ಕರ್ನಾಟಕದ 28ರಲ್ಲಿ 26 ಸೀಟು ಬಂದಿದ್ದವು. ಡಿ.ಬಿ. ಚಂದ್ರೇಗೌಡರು ಇಂದಿರಾಗೆ ಬಿಟ್ಟುಕೊಟ್ಟಿದ್ದು ಅದರಲ್ಲೊಂದನ್ನು. ಮುಖ್ಯಮಂತ್ರಿ ದೇವರಾಜ ಅರಸು ಬೆನ್ನಿಗಿದ್ದರು. 1974ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ತಾವು ಉಳುವ ಗದ್ದೆ ಸಿಗತೊಡಗಿತ್ತು. ಕಾಫಿ ತೋಟಕ್ಕೆ ವಿನಾಯಿತಿ ಇತ್ತು, ಹಾಗಾಗಿ ತೋಟದ ಸಾಹುಕಾರರ ನಿದ್ದೆಯೂ ಕೆಡಲಿಲ್ಲ. ಗೇಣಿ ಗದ್ದೆ ತನ್ನ ಹೆಸರಿಗೆ ಬೇಕೆಂದು ಫಾರಂ 7 ಅನ್ನುವ ಅರ್ಜಿ ತುಂಬಿ ಭೂ ಟ್ರಿಬ್ಯುನಲ್ ಮುಂದೆ ನಿಂತಿದ್ದ ರೈತ ಪ್ರಾಸ ಕೇಳಿ ಓಟು ಹಾಕಿದ ಅನ್ನುವುದು ವಾಟ್ಸಾಪ್ ಪಂಡಿತರ ಕಥೆ. ಅವನಿಗೆ ಮಾಡುವ ಅವಮಾನ ಕೂಡ.

ಇನ್ನು ಆ ‘ಲಂಗೂರ್’. ಎದುರಾಳಿ ವೀರೇಂದ್ರ ಪಾಟೀಲರು ಮಾಜಿ ಮುಖ್ಯಮಂತ್ರಿ. 70 ಸಾವಿರಕ್ಕೂ ಜಾಸ್ತಿ ಓಟಿನಿಂದ ಸೋತರು, ಆಮೇಲೆ ಇಂದಿರಾ ಪಕ್ಷಕ್ಕೇ ಬಂದರು, 1989ರಲ್ಲಿ ಕಾಂಗ್ರೆಸ್ಸಿನಿಂದಲೇ ಮತ್ತೆ ಮುಖ್ಯಮಂತ್ರಿಯಾದರು. ಗೆಲ್ಲಿಸಿದ ಅರಸು 1979ರಲ್ಲೇ ಇಂದಿರಾ ಜೊತೆ ಮುರಿದುಕೊಂಡರು. ಈಗ ನೂರರ ಪಟ್ಟಿಯಲ್ಲಿ ಯಾರನ್ನು ಸೇರಿಸುತ್ತೀರಿ, ಯಾರನ್ನು ಬಿಡುತ್ತೀರಿ?

ಪ್ರಶ್ನೆ: ಆ ಘೋಷಣೆ ಬರೆದಿದ್ದು ನಮ್ಮ ದೊಡ್ಡಪ್ಪ. ಹೆಸರು ಹಾಕ್ತೀರಾ?

ಇಲ್ಲ. ಇಂಥ ದೊಡ್ಡಪ್ಪಂದಿರು ಊರಿಗೊಬ್ಬರಿದ್ದಾರೆ. ಆಗಿನ ಕರಪತ್ರ ಇದ್ದರೆ ತನ್ನಿ, ಮಾತಾಡೋಣ.

ಪ್ರಶ್ನೆ: ‘ಗರೀಬಿ ಹಟಾವೋ’ ಕೂಡ ಇಲ್ಲಿಯದ್ದೇ?

ಅಲ್ಲ. ಅದು 1971ರ ಎಲೆಕ್ಷನ್ನಿನದ್ದು.

ಪ್ರಶ್ನೆ: ಇಂದಿರಾ ಎಷ್ಟು ವರ್ಷ ನಮ್ಮ ಎಂಪಿ ಆಗಿದ್ದರು?

ವರ್ಷವೆಲ್ಲಿ ಬಂತು! ನವೆಂಬರಿನಲ್ಲಿ ಗೆದ್ದರು, ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹಕ್ಕುಚ್ಯುತಿಗಾಗಿ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. 1980ರಲ್ಲಿ ರಾಯ್‌ಬರೇಲಿ ಮತ್ತು ಮೇದಕ್‌ನಿಂದ ನಿಂತರು.

ಪ್ರಶ್ನೆ: ಪಂಚಾಯ್ತಿ ಎಲೆಕ್ಷನ್ನಿಗೆ ಇದನ್ನೇ ಬಳಸಬಹುದಾ?

ಬೇಡ. ಎದುರಾಳಿಯನ್ನು ಮೈಕಿನಲ್ಲಿ ಕೋತಿ ಅಂದು, ಕೇಸು ಹಾಕಿಸಿಕೊಂಡು ನನಗೆ ಫೋನ್ ಮಾಡಬೇಡಿ.