ಪಟ್ಟಿಯ ಒಂದನೇ ನಂಬರಿನಿಂದ ಶುರು ಮಾಡಬೇಡಿ

ಹಾಲಿವುಡ್‌ನ ನೂರು ಹಳೆಯ ಸಿನಿಮಾಗಳ ಪಟ್ಟಿ ಇಟ್ಟುಕೊಂಡು ಕೂತೆ, ಮೊದಲನೆಯದಾದ ‘ಸಿಟಿಜನ್ ಕೇನ್’ ಅರ್ಧಕ್ಕೇ ನಿದ್ದೆ ಬಂತು, ಸಿನಿಮಾ ಬಗ್ಗೆ ಏನೂ ಓದಿಕೊಂಡಿಲ್ಲದವರಿಗೆ ಇವು ಹಿಡಿಸುತ್ತವಾ ಅಂತ ಕೇಳಿದ್ದೀರಿ.

ಹಿಡಿಸುತ್ತವೆ. ನಾನೂ ಅದೇ ಪಟ್ಟಿಯ ಹಿಂದೆ ಬಿದ್ದವನು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1998ರಲ್ಲಿ ಮಾಡಿ, 2007ರಲ್ಲಿ ತಿದ್ದಿದ ಪಟ್ಟಿ ಅದು. ನಾಲ್ಕು ವರ್ಷದಲ್ಲಿ 61 ಸಿನಿಮಾ ನೋಡಿದ್ದೇನೆ. ನನ್ನದು ಲೆಕ್ಕಪತ್ರದ ಕೆಲಸ, ಸಿನಿಮಾಕ್ಕೂ ನನಗೂ ಬೇರೆ ನಂಟಿಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಅಮ್ಮನ ಜೊತೆ ಕೂತು ನೋಡುತ್ತೇನೆ, ಅಷ್ಟೇ.

ಎರಡೂ ಸಲ ಒಂದನೇ ಸ್ಥಾನ ಸಿಕ್ಕಿದ್ದು ‘ಸಿಟಿಜನ್ ಕೇನ್’ಗೇ. ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಅಲ್ಲೇ ನಿಲ್ಲಿಸುತ್ತಾರೆ. ಆದರೆ ಪಟ್ಟಿಯ ನಂಬರು ನೋಡುವ ಕ್ರಮ ಅಲ್ಲ. ಇವುಗಳಲ್ಲಿ ಬಹುಪಾಲು ಸಿನಿಮಾಗಳನ್ನು ಮಾಡಿದ್ದು ಕೆಲಸ ಮುಗಿಸಿ ಬಂದು ಟಿಕೆಟ್ ತೆಗೆದುಕೊಳ್ಳುತ್ತಿದ್ದ ಮಾಮೂಲಿ ಜನಕ್ಕಾಗಿ. ನೀವು ಹಾಗೇ ಹೋಗಿ ಕೂತುಕೊಳ್ಳಿ, ಸಾಕು.

ಮೊದಲು ‘12 ಆ್ಯಂಗ್ರಿ ಮೆನ್’ ನೋಡಿ. 1957ರದ್ದು, ನಿರ್ದೇಶಕ ಸಿಡ್ನಿ ಲ್ಯುಮೆಟ್‌ಗೆ ಅದು ಮೊದಲ ಸಿನಿಮಾ. ಬರೀ 96 ನಿಮಿಷ. ಅಪ್ಪನನ್ನು ಚಾಕುವಿನಿಂದ ಚುಚ್ಚಿ ಕೊಂದ ಆರೋಪ ಹೊತ್ತ 18ರ ಹುಡುಗ. ಅವನು ತಪ್ಪಿತಸ್ಥ ಅಂತ ಹನ್ನೆರಡೂ ಜ್ಯೂರಿಗಳು (ತೀರ್ಪು ಹೇಳಲು ಕೂರಿಸಿದ ಮಾಮೂಲಿ ಜನ) ಒಪ್ಪಿದರೆ ಮರಣದಂಡನೆ ಖಾಯಂ. ಸುಮಾರು ಪೂರ್ತಿ ಸಿನಿಮಾ ಒಂದೇ ಕೋಣೆಯಲ್ಲಿ ನಡೆಯುತ್ತದೆ. ವಿಪರೀತ ಸೆಕೆ, ಫ್ಯಾನ್ ತಿರುಗುತ್ತಿಲ್ಲ. ಹನ್ನೊಂದು ಜನ ಕೈ ಎತ್ತುತ್ತಾರೆ, ಒಬ್ಬ ಎತ್ತುವುದಿಲ್ಲ. ಕೊಲೆಗೆ ಬಳಸಿದಂಥ ಚಾಕು ಬೇರೆ ಎಲ್ಲೂ ಸಿಗಲ್ಲ ಅಂತ ಉಳಿದವರು ವಾದ ಮಾಡುತ್ತಿರುವಾಗ, ಆತ ಜೇಬಿನಿಂದ ಅಂಥದ್ದೇ ಇನ್ನೊಂದು ಚಾಕು ತೆಗೆದು, ಮೊದಲನೆಯದರ ಪಕ್ಕದಲ್ಲೇ ಮೇಜಿಗೆ ಕುಕ್ಕುತ್ತಾನೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ನಡುನಡುವೆ ನಾನು ಹೇಳಬೇಕು. ಆ ಜಾಗದಲ್ಲಿ ಮಾತ್ರ ‘ಸುಮ್ನಿರು, ಗೊತ್ತಾಯ್ತು’ ಅಂದರು.

ಎರಡನೇ ಸಲ ನೋಡಿದರೆ ಕ್ಯಾಮೆರಾ ಗಮನಿಸಿ. ಶುರುವಿನಲ್ಲಿ ಅದು ಜನರ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ. ಹೋಗ್ತಾ ಹೋಗ್ತಾ ಕೆಳಗಿಳಿಯುತ್ತದೆ, ಲೆನ್ಸ್‌ಗಳೂ ಬದಲಾಗುತ್ತವೆ. ಕೊನೆಕೊನೆಗೆ ಛಾವಣಿ ಕಾಣುತ್ತದೆ, ಗೋಡೆಗಳು ಹತ್ತಿರ ಬಂದಂತೆ ಅನ್ನಿಸುತ್ತದೆ. ಮೊದಲ ಸಲ ನನಗೆ ಇದು ಗೊತ್ತೇ ಆಗಿರಲಿಲ್ಲ, ಆದರೆ ಉಸಿರು ಕಟ್ಟಿದ ಹಾಗೆ ಆಗಿದ್ದು ನಿಜ.

ಆಮೇಲೆ ‘ಕಾಸಾಬ್ಲಾಂಕಾ’ಕ್ಕೆ ಬನ್ನಿ, 1942ರದ್ದು. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಮಾಡಿದ ಸಿನಿಮಾ, ಯಾರು ಗೆಲ್ಲುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇದನ್ನು ತಲೆಯಲ್ಲಿಟ್ಟುಕೊಂಡು ಆ ಹಾಡಿನ ದೃಶ್ಯ ನೋಡಿ. ಹೋಟೆಲಿನಲ್ಲಿ ಜರ್ಮನ್ ಅಧಿಕಾರಿಗಳು ತಮ್ಮ ಹಾಡು ಹಾಡುತ್ತಿರುತ್ತಾರೆ. ಒಬ್ಬ ಬಂದು ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ. ವಾದ್ಯದವರು ಮಾಲೀಕನ ಮುಖ ನೋಡುತ್ತಾರೆ. ಆತ ಸುಮ್ನೆ ತಲೆ ಆಡಿಸುತ್ತಾನೆ. ಅಷ್ಟು ಹೊತ್ತು ತನಗೂ ಯುದ್ಧಕ್ಕೂ ಸಂಬಂಧವೇ ಇಲ್ಲ ಅಂತಿದ್ದ ಮನುಷ್ಯ! ಅಲ್ಲಿ ಕಣ್ಣೀರು ಹಾಕಿಕೊಂಡು ಹಾಡುವ ಹುಡುಗಿ ಮ್ಯಾಡ್ಲಿನ್ ಲೆಬೋ, 1940ರಲ್ಲಿ ನಿಜವಾಗಿಯೂ ಪ್ಯಾರಿಸ್ ಬಿಟ್ಟು ಓಡಿಬಂದವಳು. ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ಫೈಟ್ ಕೂಡ ಯಹೂದಿ ಹೆಂಡತಿಯ ಜೊತೆ ಜರ್ಮನಿ ಬಿಟ್ಟು ಹೋದವನು. ಇಷ್ಟು ತಿಳಿದ ಮೇಲೆ ನನಗೆ ಆ ದೃಶ್ಯವನ್ನು ನಟನೆ ಅಂತ ನೋಡಲು ಆಗಲೇ ಇಲ್ಲ.

ಮೂಕಿ ಚಿತ್ರ ಅಂದರೆ ಹೆದರಬೇಡಿ. ಚಾಪ್ಲಿನ್‌ನ ‘ಸಿಟಿ ಲೈಟ್ಸ್’ 1931ರದ್ದು. ಅಷ್ಟರಲ್ಲಿ ಟಾಕಿ ಬಂದು ನಾಲ್ಕು ವರ್ಷ ಆಗಿತ್ತು, ಆದರೂ ಆತ ಮಾತು ಬೇಡ ಅಂದ. ಕಣ್ಣು ಕಾಣದ ಹೂವು ಮಾರುವ ಹುಡುಗಿ ಈ ಅಲೆಮಾರಿಯನ್ನು ಸಾಹುಕಾರ ಅಂದುಕೊಳ್ಳುವುದು ಕಾರಿನ ಬಾಗಿಲು ಹಾಕಿದ ಸದ್ದು ಕೇಳಿ. ಮಾತೇ ಇಲ್ಲದ ಸಿನಿಮಾದಲ್ಲಿ ಕಥೆ ನಿಂತಿರುವುದು ಒಂದು ಸದ್ದಿನ ಮೇಲೆ! ಕೊನೆಯ ದೃಶ್ಯದ ಬಗ್ಗೆ ನಾನು ಹೇಳಲ್ಲ. ನಮ್ಮ ಮನೆಯಲ್ಲಿ ಅದನ್ನು ಮೂರು ಸಲ ನೋಡಿದ್ದೇವೆ. ಅಮ್ಮನಿಗೆ ನಾನು ಏನೂ ಅರ್ಥ ಹೇಳಬೇಕಾಗಿ ಬರದ ಸಿನಿಮಾ ಅದು.

ಒಂದು ವಿಷಯ ಮೊದಲೇ ಗೊತ್ತಿದ್ದರೆ ಅನುಕೂಲ. 1934ರಿಂದ 1968ರವರೆಗೆ ಹಾಲಿವುಡ್ ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿತ್ತು, ಹೇಸ್ ಕೋಡ್ ಅಂತ. ಅಪರಾಧ ಮಾಡಿದವರು ಸುಖವಾಗಿ ಬದುಕುವ ಹಾಗೆ ತೋರಿಸುವಂತಿರಲಿಲ್ಲ. ‘ಕೊನೆಗೆ ಸಿಕ್ಕಿಬೀಳುತ್ತಾನೆ ಬಿಡು’ ಅಂತ ಬೇಜಾರಾಗುವುದಕ್ಕೆ ಇದೇ ಕಾರಣ. 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಂತೂ ಇನ್ಶೂರೆನ್ಸ್ ಏಜೆಂಟ್ ಶುರುವಿನಲ್ಲೇ ಕೊಲೆ ಮಾಡಿದ್ದು ನಾನೇ ಅನ್ನುತ್ತಾನೆ. ಆದರೂ ಕೊನೆಯವರೆಗೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಎಲ್ಲವನ್ನೂ ನೋಡಲೇಬೇಕು ಅಂತ ಹಟ ಬೇಡ. 1915ರ ‘ದಿ ಬರ್ತ್ ಆಫ್ ಎ ನೇಷನ್’ ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಗುಂಪಾದ ಕು ಕ್ಲಕ್ಸ್ ಕ್ಲಾನ್‌ನವರನ್ನೇ ವೀರರನ್ನಾಗಿ ತೋರಿಸುತ್ತದೆ. ಮೊದಲ ಪಟ್ಟಿಯಲ್ಲಿತ್ತು, 2007ರಲ್ಲಿ ಹೋಯಿತು. ನಾನು ನೋಡಿಲ್ಲ, ನೋಡುವುದೂ ಇಲ್ಲ. ‘ಗಾನ್ ವಿತ್ ದ ವಿಂಡ್’ ಹೆಚ್ಚುಕಮ್ಮಿ ನಾಲ್ಕು ಗಂಟೆ, ಎರಡು ದಿನಕ್ಕೆ ಹಂಚಿಕೊಳ್ಳಿ. ಅದರ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಪ್ರಶಸ್ತಿಯ ರಾತ್ರಿ ಆಕೆಯನ್ನು ಉಳಿದ ನಟರ ಜೊತೆ ಕೂರಿಸದೆ ಬೇರೆ ಮೇಜು ಕೊಟ್ಟಿದ್ದರು. ಇದನ್ನು ಓದಿದ ಮೇಲೆ ಆ ಸಿನಿಮಾದ ಚೆಂದ ನನಗೆ ಅರ್ಧ ಹೋಯಿತು, ಆಕೆಯ ಮೇಲಿನ ಗೌರವ ಜಾಸ್ತಿಯಾಯಿತು.

ಹತ್ತು-ಹದಿನೈದು ಸಿನಿಮಾ ಆದ ಮೇಲೆ ‘ಕೇನ್’ಗೆ ವಾಪಸ್ ಹೋಗಿ. ಅದನ್ನು ಮಾಡುವಾಗ ನಿರ್ದೇಶಕ ಆರ್ಸನ್ ವೆಲ್ಸ್‌ಗೆ 25 ವರ್ಷ. ಅದರಲ್ಲಿ ಒಂದು ತಿಂಡಿ ತಿನ್ನುವ ದೃಶ್ಯವಿದೆ, ಒಂದು ಮದುವೆ ಹಳಸುವುದನ್ನು ಕೆಲವೇ ನಿಮಿಷದಲ್ಲಿ ತೋರಿಸುತ್ತದೆ. ಮೊದಲು ಗಂಡ ಹೆಂಡತಿ ಹತ್ತಿರ ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ. ಬಟ್ಟೆ ಬದಲಾಗುತ್ತದೆ, ದನಿ ಬದಲಾಗುತ್ತದೆ. ಕೊನೆಗೆ ಉದ್ದನೆಯ ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು, ಮಾತಿಲ್ಲ, ಇಬ್ಬರ ಕೈಯಲ್ಲೂ ಪೇಪರ್. ಆಕೆ ಓದುತ್ತಿರುವುದು ಯಾವ ಪೇಪರ್ ಅಂತ ಸರಿಯಾಗಿ ನೋಡಿ. ಗಂಡನ ಪತ್ರಿಕೆಯ ಎದುರಾಳಿ ಪತ್ರಿಕೆ ಅದು.