ಜರ್ಮನಿಯಲ್ಲಿ ಚರ್ಚ್ ನಡೆಸುವ ಶಿಶುಪಾಲನಾ ಕೇಂದ್ರಕ್ಕೆ ಅರ್ಜಿ ಹಾಕುವುದೇ, ಸರ್ಕಾರದ್ದಕ್ಕೇ ಕಾಯುವುದೇ?

ದಯವಿಟ್ಟು ಕಾಯಬೇಡಿ. ಕಲ್ಯಾಣ ರಾಜ್ಯದಲ್ಲಿ ಧರ್ಮಕ್ಕೇನು ಕೆಲಸ ಎಂದು ಕೇಳಿದ್ದೀರಿ. 2014ರಲ್ಲಿ ಮ್ಯೂನಿಕ್‌ನಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ.

ಮಗಳಿಗೆ ವರ್ಷ ದಾಟಿತ್ತು. ವರ್ಷ ತುಂಬಿದ ಮಗುವಿಗೆ ಪಾಲನಾ ಕೇಂದ್ರದಲ್ಲಿ ಜಾಗ ಪಡೆಯುವ ಹಕ್ಕು 2013ರ ಆಗಸ್ಟ್‌ನಿಂದಲೇ ಜಾರಿಯಲ್ಲಿತ್ತು. ಹಕ್ಕಿದೆಯಲ್ಲ ಎಂಬ ಧೈರ್ಯದಲ್ಲಿ ನಗರಾಡಳಿತದ ಕೇಂದ್ರಗಳಿಗಷ್ಟೇ ಅರ್ಜಿ ಹಾಕಿದೆ. ಹಿಂದಿನ ಬೀದಿಯಲ್ಲೇ ಕ್ಯಾಥೊಲಿಕ್ ಚರ್ಚಿನ ಕೇಂದ್ರವಿತ್ತು. ಕಿಟಕಿಗೆ ಮಕ್ಕಳು ಮಾಡಿದ ಕಾಗದದ ಲಾಂದ್ರಗಳನ್ನು ತೂಗುಹಾಕಿದ್ದರು. ಹಿಂದೂಗಳಾದ ನಮ್ಮನ್ನು ಸೇರಿಸುವುದಿಲ್ಲ ಎಂದು ನಾನೇ ತೀರ್ಮಾನಿಸಿ, ವಿಚಾರಿಸಲೂ ಹೋಗಲಿಲ್ಲ. ಕಾನೂನು ಕೊಟ್ಟಿದ್ದು ಜಾಗದ ಹಕ್ಕನ್ನು. ಆ ಜಾಗವನ್ನು ಸರ್ಕಾರವೇ ನಡೆಸಬೇಕೆಂದು ಅದು ಎಲ್ಲೂ ಹೇಳಿರಲಿಲ್ಲ. ಚರ್ಚಿನ ಕೇಂದ್ರಗಳ ಖರ್ಚಿನ ಬಹುಪಾಲು ಬರುವುದು ಸಾರ್ವಜನಿಕ ಹಣದಿಂದ ಮತ್ತು ಪಾಲಕರ ಶುಲ್ಕದಿಂದ. ಅಂದರೆ ನನ್ನ ತೆರಿಗೆಯಿಂದಲೂ ನಡೆಯುತ್ತಿದ್ದ ಜಾಗವನ್ನು ಪರರದೆಂದು ಬಿಟ್ಟುಕೊಟ್ಟೆ. ನಗರಾಡಳಿತದ ಕೇಂದ್ರಗಳಲ್ಲಿ ಜಾಗ ಸಿಗದೆ, ಒಪ್ಪಿಕೊಂಡಿದ್ದ ಕೆಲಸ ಕೈತಪ್ಪಿತು.

ಬದಲಿಗೆ ತಿಂಗಳಿಗೆ 150 ಯೂರೋ ಬರತೊಡಗಿತು. ಸರ್ಕಾರಿ ನೆರವಿನ ಕೇಂದ್ರಕ್ಕೆ ಮಗುವನ್ನು ಕಳಿಸದವರಿಗೆ ಕೊಡುತ್ತಿದ್ದ ಭತ್ಯೆ ಅದು. ಅದಕ್ಕಾಗಿ ಪಟ್ಟು ಹಿಡಿದದ್ದು ಬವೇರಿಯಾದ ಕ್ರೈಸ್ತ ಪಕ್ಷ ಸಿಎಸ್‌ಯು. ಸೋದರ ಪಕ್ಷ ಸಿಡಿಯುನ ಸಚಿವೆಯಾಗಿದ್ದ ಉರ್ಸುಲಾ ಫಾನ್ ಡೆರ್ ಲೇಯನ್ ಪಾಲನಾ ಕೇಂದ್ರಗಳನ್ನು ಹೆಚ್ಚಿಸಲು ಓಡಾಡಿದವರು. ತಾಯಿಯ ಜಾಗ ಯಾವುದು ಎಂಬ ಅವರ ಒಳಜಗಳದ ಎರಡೂ ಫಲಗಳು ಒಂದೇ ವರ್ಷ ನನ್ನ ಮನೆಗೆ ಬಂದವು. ಇಂಥ ಕಾನೂನು ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿಲ್ಲವೆಂದು 2015ರಲ್ಲಿ ಸಂವಿಧಾನ ನ್ಯಾಯಾಲಯ ಆ ಭತ್ಯೆಯನ್ನು ರದ್ದುಪಡಿಸಿತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಇಲ್ಲಿ ಧರ್ಮ ಕಲ್ಯಾಣ ರಾಜ್ಯದ ಅಡಿಪಾಯದಲ್ಲೇ ಇದೆ. ಸಣ್ಣ ಸಮುದಾಯಗಳು ಮಾಡಬಲ್ಲದ್ದನ್ನು ರಾಜ್ಯ ಕಿತ್ತುಕೊಳ್ಳಬಾರದು ಎಂದು 1931ರಲ್ಲಿ ಪೋಪ್ ಹನ್ನೊಂದನೇ ಪಯಸ್ ಬರೆದರು. ಅದೇ ವಿಚಾರ 1961ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೌವರ್ ಸರ್ಕಾರದ ಕಾನೂನುಗಳಿಗೆ ಇಳಿಯಿತು: ಚರ್ಚಿನಂಥ ಸಂಸ್ಥೆಗಳು ಸೇವೆ ಕೊಡಲು ಸಿದ್ಧವಿದ್ದರೆ ಸ್ಥಳೀಯ ಆಡಳಿತ ಅವಕ್ಕೇ ಆದ್ಯತೆ ಕೊಡಬೇಕು. ಸೋಷಿಯಲ್ ಡೆಮಾಕ್ರಟರು ವಿರೋಧಿಸಿದರು, ವಿವಾದ ನ್ಯಾಯಾಲಯಕ್ಕೂ ಹೋಯಿತು. 1967ರಲ್ಲಿ ಕಾನೂನೇ ಗೆದ್ದಿತು. ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಸ್ವೀಡನ್‌ನದು. ಅಲ್ಲಿ ಚರ್ಚ್ 2000ದವರೆಗೂ ರಾಜ್ಯದ ಭಾಗವಾಗಿಯೇ ಇತ್ತು, ಮಕ್ಕಳ ಪಾಲನೆಯನ್ನು ಮುಖ್ಯವಾಗಿ ನಗರಸಭೆಗಳೇ ಕಟ್ಟಿದವು.

ಕಾರಿಟಾಸ್ ಕ್ಯಾಥೊಲಿಕರ ಸೇವಾ ಸಂಸ್ಥೆ, ಡಿಯಾಕೊನಿ ಪ್ರಾಟೆಸ್ಟಂಟರದು. ಎರಡರ ಕೇಂದ್ರಗಳಿಗೂ ಈ ವಾರವೇ ಅರ್ಜಿ ಹಾಕಿ, ಹತ್ತಿರದ ಚರ್ಚಿನ ಕೇಂದ್ರಕ್ಕೆ ಖುದ್ದಾಗಿ ಹೋಗಿ. ತಮ್ಮ ಸದಸ್ಯರ ಮಕ್ಕಳಿಗೆ ಆದ್ಯತೆ ಇದೆಯೇ, ಊಟಕ್ಕೆ ಮುಂಚೆ ಪ್ರಾರ್ಥನೆ ಇದೆಯೇ, ಸಂಜೆ ಎಷ್ಟು ಗಂಟೆಯವರೆಗೆ ಮಗುವನ್ನು ನೋಡಿಕೊಳ್ಳುತ್ತಾರೆ ಎಂದು ನೇರವಾಗಿ ಕೇಳಿ. ಕೊನೆಯದನ್ನೇ ಮೊದಲು ಕೇಳಿ.